ಕಂಪನದ ಮೂಲ ಹುಡುಕುವವಳಿಗೆ

ಮಗೂ, ಸಂಶೋಧನೆಗೆ ಸೇರಿದ ಮೊದಲ ತಿಂಗಳಲ್ಲೇ ಯಾರಾದರೂ ನಿನ್ನ ಮುಂದೆ ಒಂದು ಬಣ್ಣದ ಚಿತ್ರ ಇಟ್ಟೇ ಇಡುತ್ತಾರೆ. ಆಯತಾಕಾರದ ಒಂದು ಸ್ತರಭಂಗ, ಅದರ ಮೇಲೆ ನೀಲಿ, ಹಳದಿ, ಕೆಂಪು ಚೌಕಗಳು. ಕೆಂಪಿದ್ದಲ್ಲಿ ಬಂಡೆ ನಾಲ್ಕು ಮೀಟರ್ ಜಾರಿದೆ, ನೀಲಿ ಇದ್ದಲ್ಲಿ ಜಾರಿಯೇ ಇಲ್ಲ ಎಂದು ವಿವರಿಸುತ್ತಾರೆ. ಚಿತ್ರ ಎಷ್ಟು ಚೊಕ್ಕಟವಾಗಿರುತ್ತದೆಂದರೆ, ಯಾರೋ ಹದಿನೈದು ಕಿಲೋಮೀಟರ್ ಆಳಕ್ಕೆ ಇಳಿದು ಫೋಟೊ ತೆಗೆದುಕೊಂಡು ಬಂದಿದ್ದಾರೆ ಅನ್ನಿಸಬೇಕು. ಯಾರೂ ಇಳಿದಿಲ್ಲ. ನೆಲದ ಮೇಲೆ ಅಲ್ಲೊಂದು ಇಲ್ಲೊಂದು ಇಟ್ಟ ಉಪಕರಣಗಳು ಅಲುಗಾಡಿದ್ದನ್ನು ನೋಡಿ, ಆಳದಲ್ಲಿ ಹೀಗೆ ಆಗಿದ್ದಿರಬೇಕು ಎಂದು ಲೆಕ್ಕ ಹಾಕಿ ಬಿಡಿಸಿದ್ದು ಅದು. ಅಂಥ ಚಿತ್ರ ಕಂಡಾಗ ನೀನು ಕೇಳಬೇಕಾದದ್ದು ಇಷ್ಟೇ: ಇದನ್ನು ಬಿಡಿಸುವ ಮುನ್ನ ದಾಖಲೆಯಿಂದ ಏನೇನು ಕಳೆದಿರಿ, ಹೇಗೆ ಕಳೆದಿರಿ?

ಒಂದು ಭೂಕಂಪ ಮಾಪನ ಕೇಂದ್ರದಲ್ಲಿ ದಾಖಲಾದ ಗೆರೆಯಲ್ಲಿ ಮೂರು ಸಂಗತಿ ಬೆರೆತಿರುತ್ತವೆ. ಮೂಲದಲ್ಲಿ ನಡೆದದ್ದು ಒಂದು, ಅಲೆ ಹಾದು ಬಂದ ದಾರಿ ಮತ್ತೊಂದು, ಅದನ್ನು ಅಳೆದ ಉಪಕರಣ ಮೂರನೆಯದು. ಪಕ್ಕದೂರಿನ ಜಾತ್ರೆಯ ಡೊಳ್ಳು ನಮ್ಮೂರಿಗೆ ಕೇಳುವಾಗ ಸಣ್ಣ ಪೆಟ್ಟುಗಳೆಲ್ಲ ದಾರಿಯಲ್ಲೇ ಅಡಗಿ ದಪ್ಪ ಸದ್ದಷ್ಟೇ ಉಳಿದಿರುತ್ತದೆ. ಅದನ್ನು ಕೇಳಿ, ಬಾರಿಸುವವನಿಗೆ ಸಣ್ಣ ಪೆಟ್ಟು ಬರುವುದೇ ಇಲ್ಲ ಎಂದು ತೀರ್ಪು ಕೊಟ್ಟರೆ ಅನ್ಯಾಯ. ಶಿಲೆಯೂ ಹಾಗೆಯೇ ಮಾಡುತ್ತದೆ. ಅಧಿಕ ಆವರ್ತನದ ಅಲೆಗಳನ್ನು ದಾರಿಯುದ್ದಕ್ಕೂ ಹೀರಿಕೊಳ್ಳುತ್ತದೆ. ನೀನು ಓದಿರುವ ಕನ್ವಲ್ಯೂಷನ್ ಎಂಬ ಗಣಿತಕ್ರಿಯೆ, ಗ್ರೀನ್ಸ್ ಫಂಕ್ಷನ್ ಎಂಬ ಹೆಸರು, ಎಲ್ಲವೂ ಈ ಮೂರರ ಬೆರಕೆಯನ್ನು ಬರೆದಿಡುವ ವಿಧಾನಗಳು. ಈ ವಿಷಯದಲ್ಲಿ ನಾನು ನಿನಗೆ ಹೇಳುವ ಮಾತಿನ ಹುರುಳು ಇದೇ: ದಾರಿಯ ಪಾಲು, ಉಪಕರಣದ ಪಾಲು ಚುಕ್ತಾ ಮಾಡದೆ ಮೂಲದ ಮೇಲೆ ಏನನ್ನೂ ಹೊರಿಸಬೇಡ.

ಮೂಲ ಎಂದರೇನೆಂದು ಕೈಯಾರೆ ತಿಳಿಯಲು ಭೂಕಂಪಕ್ಕೆ ಕಾಯಬೇಕಿಲ್ಲ. ಒಂದು ದೊಡ್ಡ ಸುತ್ತಿಗೆ, ಒಂದು ಉಕ್ಕಿನ ತಟ್ಟೆ, ನೆಲದ ಅಲುಗಾಟ ಅಳೆಯುವ ಇಪ್ಪತ್ನಾಲ್ಕು ಜಿಯೋಫೋನು, ಎರಡು ಮೀಟರ್ ಉದ್ದದ ಗಟ್ಟಿ ಹಲಗೆ, ಒಂದು ಜೀಪು ಇದ್ದರೆ ಸಾಕು. ವಿಭಾಗದ ಹಿಂದಿನ ಖಾಲಿ ಜಾಗದಲ್ಲಿ ಒಂದು ಬೆಳಿಗ್ಗೆ ಇದನ್ನು ಮಾಡು. ತಟ್ಟೆ ಕೂರಿಸುವ ಕಡೆ ಹುಲ್ಲು, ಸಡಿಲ ಮಣ್ಣು ಇದ್ದರೆ ಕೆರೆದು ತೆಗೆ. ತಟ್ಟೆ ನೆಲಕ್ಕೆ ಅಂಟಿ ಕೂರದಿದ್ದರೆ ನಿನ್ನ ಶಕ್ತಿಯೆಲ್ಲ ಸದ್ದಾಗಿ ಗಾಳಿಗೆ ಹೋಗುತ್ತದೆ. ಸುತ್ತಿಗೆಯ ಹಿಡಿಗೆ ಟ್ರಿಗರ್ ಸ್ವಿಚ್ಚನ್ನು ಟೇಪಿನಿಂದ ಬಿಗಿಯಾಗಿ ಸುತ್ತು. ಹೊಡೆದ ಮೇಲೆ ಸುತ್ತಿಗೆ ಪುಟಿದು ಇನ್ನೊಮ್ಮೆ ತಟ್ಟೆಗೆ ಬಿದ್ದರೆ ಆ ದಾಖಲೆಯನ್ನು ಬಿಟ್ಟುಬಿಡು. ಒಂದು ಮೂಲ ಎಂದುಕೊಂಡಿರುವಲ್ಲಿ ಎರಡು ಮೂಲ ಸೇರಿರುತ್ತವೆ. ಒಂದು ಹೊಡೆತಕ್ಕೆ ದೂರದ ಜಿಯೋಫೋನುಗಳಲ್ಲಿ ಏನೂ ಕಾಣುವುದಿಲ್ಲ. ರಸ್ತೆಯ ಲಾರಿ, ಗಾಳಿಗೆ ಆಡುವ ಮರ, ನಡೆದಾಡುವವರ ಕಾಲು, ಎಲ್ಲದರ ಗದ್ದಲ ಇರುತ್ತದೆ. ಅದಕ್ಕೇ ಹಲವು ಹೊಡೆತಗಳನ್ನು ಕೂಡಿಸುವುದು. ಗದ್ದಲ ತನ್ನಷ್ಟಕ್ಕೆ ತಾನು ಬೇರೆ ಬೇರೆ ಆಗಿರುವುದರಿಂದ ಹತ್ತು ಹೊಡೆತ ಕೂಡಿಸಿದರೆ ಸಂಕೇತ ಅದಕ್ಕಿಂತ ಸುಮಾರು ಮೂರು ಪಟ್ಟು ಮೇಲೇಳುತ್ತದೆ, ನೂರು ಹೊಡೆದರೆ ಹತ್ತು ಪಟ್ಟು. ವರ್ಗಮೂಲದ ಈ ಲೆಕ್ಕ ತೋಳು ಸೋತಾಗ ಚೆನ್ನಾಗಿ ತಲೆಗೆ ಹತ್ತುತ್ತದೆ.

ಈಗ ಹಲಗೆ. ಅದನ್ನು ಜಿಯೋಫೋನ್ ಸಾಲಿಗೆ ಅಡ್ಡಲಾಗಿ ನೆಲದ ಮೇಲೆ ಇಟ್ಟು, ಜೀಪಿನ ಮುಂದಿನ ಎರಡೂ ಚಕ್ರಗಳನ್ನು ಅದರ ಮೇಲೆ ಹತ್ತಿಸಿ ನಿಲ್ಲಿಸು. ಮೇಲೆ ಕೆಳಗೆ ಅಳೆಯುವ ಜಿಯೋಫೋನುಗಳನ್ನು ತೆಗೆದು, ಅಡ್ಡ ಅಲುಗಾಟ ಅಳೆಯುವಂಥವನ್ನು ನೆಡು, ಎಲ್ಲವೂ ಒಂದೇ ಕಡೆ ಮುಖ ಮಾಡಿರಲಿ. ಹಲಗೆಯ ಎಡತುದಿಗೆ ಹೊಡೆದು ದಾಖಲಿಸಿಕೋ. ಆಮೇಲೆ ಬಲತುದಿಗೆ ಹೊಡೆದು ದಾಖಲಿಸಿಕೋ. ಎರಡು ದಾಖಲೆಗಳನ್ನೂ ಒಂದರ ಮೇಲೊಂದು ಇಟ್ಟು ನೋಡು. ಮೊದಲು ಸ್ವಲ್ಪ ದೂರ ಎರಡೂ ಗೊಂದಲವಾಗಿ ಸಾಗುತ್ತವೆ. ಅಡ್ಡಕ್ಕೆ ಅಲುಗಾಡಿಸುವ ಎಸ್ ಅಲೆ ಬಂದ ಕ್ಷಣದಲ್ಲಿ ಒಂದು ಗೆರೆ ಮೇಲೆ ಹೋದರೆ ಇನ್ನೊಂದು ಅಷ್ಟೇ ಕೆಳಗೆ ಹೋಗುತ್ತದೆ, ಎರಡೂ ಅಲ್ಲಿ ಬೇರ್ಪಟ್ಟು ಹೊಟ್ಟೆ ಬಿಡುತ್ತವೆ. ದಾರಿ ಅದೇ, ಉಪಕರಣ ಅದೇ, ಬದಲಾದದ್ದು ಮೂಲದ ದಿಕ್ಕು ಒಂದೇ. ಭೂಕಂಪದ ಮೂಲವನ್ನು ಓದುವ ವಿದ್ಯೆಯ ತಳಪಾಯ ಇಲ್ಲಿದೆ. ಮೂಲ ಯಾವ ಕಡೆ ತಳ್ಳಿತು, ಯಾವ ಕಡೆ ಎಳೆಯಿತು ಎಂಬುದು ಅಲೆಯ ಮೊದಲ ಹೆಜ್ಜೆಯಲ್ಲಿ ಉಳಿದುಕೊಂಡು ಬರುತ್ತದೆ.

ತೈಲ ಹುಡುಕುವವರು ಇದೇ ಕೆಲಸವನ್ನು ದೊಡ್ಡದಾಗಿ ಮಾಡುತ್ತಾರೆ. ಕೊರೆದ ಗುಂಡಿಯಲ್ಲಿ ಡೈನಮೈಟು, ಸಮುದ್ರದಲ್ಲಿ ಏರ್‌ಗನ್, ಬಯಲಿನಲ್ಲಿ ವೈಬ್ರೋಸೈಸ್ ಲಾರಿ. ಲಾರಿಯ ಹೊಟ್ಟೆಯ ಕೆಳಗಿನ ಉಕ್ಕಿನ ಹಲಗೆ ನೆಲವನ್ನು ಒತ್ತಿ ಹಿಡಿದು, ಹತ್ತಾರು ಸೆಕೆಂಡ್ ಕಾಲ ಕಡಿಮೆ ಆವರ್ತನದಿಂದ ಹೆಚ್ಚಿನದಕ್ಕೆ ಏರುತ್ತ ನಡುಗಿಸುತ್ತದೆ. ಯಾವ ನಡುಕ ಕೊಟ್ಟೆವು ಎಂಬುದು ಮೊದಲೇ ಗೊತ್ತಿರುವುದರಿಂದ ಅದನ್ನೇ ದಾಖಲೆಯ ಜೊತೆ ಹೊಂದಿಸಿ ನೋಡಿ, ಉದ್ದನೆಯ ನಡುಕವನ್ನು ಒಂದು ಚಿಕ್ಕ ಪೆಟ್ಟಾಗಿ ಮಡಚಿಕೊಳ್ಳುತ್ತಾರೆ. ಅವರಿಗೆ ಮೂಲ ಗೊತ್ತು, ದಾರಿ ಬೇಕು. ನಮಗೆ ಮೂಲ ಬೇಕು, ದಾರಿಯೂ ಪೂರ್ತಿ ಗೊತ್ತಿಲ್ಲ. ನಮ್ಮ ಕಷ್ಟ ಹೆಚ್ಚಿನದು ಎಂದು ನಾನು ಯಾವಾಗಲೂ ನಂಬಿದ್ದೇನೆ.

ಭೂಕಂಪದ ಮೂಲ ಏನೆಂಬ ತಿಳಿವಳಿಕೆ ಬಂದ ದಾರಿಯನ್ನು ನೀನು ಪಠ್ಯಪುಸ್ತಕದ ಎರಡು ಪುಟಗಳಲ್ಲಿ ಮುಗಿಸಿಬಿಡಬೇಡ. 1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೊ ನಡುಗಿತು. ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಉದ್ದಕ್ಕೂ ಬೇಲಿ, ರಸ್ತೆ, ತೋಟದ ಸಾಲುಗಳು ಕತ್ತರಿಸಿ ಪಕ್ಕಕ್ಕೆ ಸರಿದಿದ್ದವು, ಕೆಲವು ಕಡೆ ಆರು ಮೀಟರಿನಷ್ಟು. ಭೂಭೌತವಿಜ್ಞಾನಿ ಹ್ಯಾರಿ ಫೀಲ್ಡಿಂಗ್ ರೀಡ್ ಬರೀ ಬೇಲಿ ನೋಡಿ ಸುಮ್ಮನಾಗಲಿಲ್ಲ. ಅದಕ್ಕೂ ಅರ್ಧ ಶತಮಾನ ಹಿಂದಿನಿಂದ ನಡೆದ ತ್ರಿಕೋನ ಸರ್ವೆಗಳ ಲೆಕ್ಕ ತೆಗೆದ. ಸ್ತರಭಂಗದಿಂದ ದೂರದ ಗುರುತುಕಲ್ಲುಗಳು ಭೂಕಂಪಕ್ಕೆ ಮೊದಲೇ ವರ್ಷಾನುಗಟ್ಟಲೆ ನಿಧಾನಕ್ಕೆ ಸರಿಯುತ್ತಿದ್ದವು ಎಂದು ಕಂಡಿತು. ಶಿಲೆ ಎರಡೂ ಕಡೆ ಬಾಗುತ್ತ ಬಂದು, ಸ್ತರಭಂಗದ ಹಿಡಿತ ಮೀರಿದಾಗ ಕಿತ್ತುಕೊಂಡು ನೆಟ್ಟಗಾಗುತ್ತದೆ; ಕೂಡಿಟ್ಟ ಶಕ್ತಿ ಅಲೆಯಾಗಿ ಹೊರಡುತ್ತದೆ. 1910ರಲ್ಲಿ ಅವನು ಬರೆದ ಈ ಸಿದ್ಧಾಂತವನ್ನೇ ನಾವಿಂದೂ ಕಲಿಸುತ್ತೇವೆ. ಗಮನಿಸು, ಭೂಕಂಪ ಆದಮೇಲೆ ಅಳೆದವರಿಂದಷ್ಟೇ ಇದು ಸಾಧ್ಯವಾಗಲಿಲ್ಲ. ಭೂಕಂಪದ ಯೋಚನೆಯೇ ಇಲ್ಲದೆ ಐವತ್ತು ವರ್ಷ ಮೊದಲು ನಿಷ್ಠೆಯಿಂದ ಸರ್ವೆ ಮಾಡಿಟ್ಟವರ ಋಣವೂ ಇದರಲ್ಲಿ ಇದೆ.

ಆದರೆ ಜಾರಿಕೆಯನ್ನು ಅಲೆಯ ಗಣಿತಕ್ಕೆ ಇಳಿಸುವುದು ಹೇಗೆ? ಯಾವ ಬಲ ಹಾಕಿದರೆ ಅಂಥ ಅಲೆ ಏಳುತ್ತದೆ? ಜಪಾನಿನಲ್ಲಿ ಶಿದಾ ಮೊದಲಾದವರು ಆಗಲೇ ಒಂದು ವಿನ್ಯಾಸ ಗುರುತಿಸಿದ್ದರು. ಅಧಿಕೇಂದ್ರದ ಸುತ್ತ ನೆಲವನ್ನು ನಾಲ್ಕು ಭಾಗ ಮಾಡಿದರೆ, ಎದುರುಬದುರಿನ ಎರಡರಲ್ಲಿ, ಎಲ್ಲಕ್ಕಿಂತ ಮುಂಚೆ ಬರುವ ಪಿ ಅಲೆಯ ಮೊದಲ ಹೆಜ್ಜೆ ಹೊರಕ್ಕೆ ತಳ್ಳುತ್ತದೆ, ಉಳಿದೆರಡರಲ್ಲಿ ಒಳಕ್ಕೆ ಎಳೆಯುತ್ತದೆ. 1923ರಲ್ಲಿ ನಾಕಾನೊ ಎಂಬಾತ ಬಿಂದುವಿನಲ್ಲಿ ಹಾಕಿದ ಬಲಜೋಡಿಗಳಿಂದ ಅಲೆ ಹೇಗೆ ಹರಡುತ್ತದೆಂದು ಗಣಿತ ಬರೆದು ಪ್ರಕಟಿಸಿದ. ಅದೇ ವರ್ಷ ಸೆಪ್ಟೆಂಬರ್ 1ರಂದು ಕಾಂಟೊ ಭೂಕಂಪವಾಗಿ ಟೋಕಿಯೊ ಹೊತ್ತಿ ಉರಿಯಿತು. ಭೂಕಂಪದ ಮೂಲವನ್ನು ವಿವರಿಸಿದ ಆ ಪ್ರಬಂಧದ ಬಹುಪಾಲು ಪ್ರತಿಗಳು ಭೂಕಂಪದ ಬೆಂಕಿಯಲ್ಲೇ ಸುಟ್ಟುಹೋದವು. ಅಳಿದುಳಿದ ಒಂದು ಪ್ರತಿ ಕ್ಯಾಲಿಫೋರ್ನಿಯಾದ ಪೆರ್ರಿ ಬಯರ್ಲಿಯ ಕೈಸೇರಿ, ಅವನು ಅದರ ಆಧಾರದ ಮೇಲೆ ಮೊದಲ ಹೆಜ್ಜೆಗಳಿಂದ ಸ್ತರಭಂಗದ ದಿಕ್ಕು ಹುಡುಕುವ ಕ್ರಮವನ್ನು ಬೆಳೆಸಿದ.

ಅಲ್ಲಿಂದ ಒಂದು ದೊಡ್ಡ ವಾದ ಶುರುವಾಯಿತು. ಒಂದೇ ಬಲಜೋಡಿಯೋ, ಎರಡು ಬಲಜೋಡಿಗಳೋ? ಸ್ತರಭಂಗದ ಎರಡು ಬದಿ ಎದುರುಬದುರಾಗಿ ಜಾರುವುದರಿಂದ ಒಂದೇ ಜೋಡಿ ಸಾಕು ಎಂಬುದು ಪಶ್ಚಿಮದಲ್ಲಿ ಬಹಳ ಮಂದಿಯ ನಿಲುವು. ಹೊಂಡಾ ಮೊದಲಾದ ಜಪಾನೀಯರು ಎರಡು ಜೋಡಿ ಬೇಕೇ ಬೇಕು ಎಂದರು. ಒಂದೇ ಜೋಡಿಯಾದರೆ ಅದು ನೆಲವನ್ನು ತಿರುಗಿಸುವ ಬಲ. ಅದನ್ನು ತಡೆಯಲು ಇನ್ನೊಂದು ಇರದಿದ್ದರೆ ಲೆಕ್ಕ ಸರಿಹೋಗದು. ಇಷ್ಟು ಸರಳ ವಿಷಯಕ್ಕೆ ಅಷ್ಟು ವರ್ಷ ಯಾಕೆ ಬೇಕಾಯಿತು ಎಂದು ನೀನು ಕೇಳಬಹುದು. ಕಾರಣ ಇದು: ಪಿ ಅಲೆಯ ವಿನ್ಯಾಸ ಎರಡೂ ಮಾದರಿಗಳಲ್ಲಿ ಒಂದೇ. ಎಷ್ಟು ಸಾವಿರ ಪಿ ಅಲೆ ಓದಿದರೂ ಎರಡರಲ್ಲಿ ಯಾವುದು ಎಂದು ತಿಳಿಯುವುದಿಲ್ಲ. ಎಸ್ ಅಲೆಯಲ್ಲಿ ಮಾತ್ರ ವ್ಯತ್ಯಾಸ ಕಾಣುತ್ತದೆ, ಅದೋ ಪಿ ಅಲೆಯ ಬಾಲದ ಗದ್ದಲದಲ್ಲಿ ಬಂದು ಸೇರಿಕೊಳ್ಳುತ್ತದೆ, ಓದುವುದು ಕಷ್ಟ. 1963ರಲ್ಲಿ ಮರುಯಾಮಾ, 1964ರಲ್ಲಿ ಬರಿಡ್ಜ್ ಮತ್ತು ನೋಪಾಫ್, ಶಿಲೆಯೊಳಗಿನ ಜಾರಿಕೆ ಗಣಿತದಲ್ಲಿ ಎರಡು ಬಲಜೋಡಿಗಳಿಗೆ ಸಮ ಎಂದು ಸಾಧಿಸಿ ತೋರಿಸಿದ ಮೇಲೆ ವಾದ ನಿಂತಿತು. ಹೆಚ್ಚು ದತ್ತಾಂಶ ಸಿಕ್ಕಿದರೆ ಸತ್ಯ ತಾನಾಗಿ ಹೊರಬರುತ್ತದೆ ಎಂದು ನಿನ್ನ ಜೊತೆಯವರು ಹೇಳಿದಾಗ ಈ ನಲವತ್ತು ವರ್ಷಗಳನ್ನು ನೆನೆ. ಯಾವ ದತ್ತಾಂಶ ಎರಡು ಊಹೆಗಳ ನಡುವೆ ಭೇದ ಹೇಳಬಲ್ಲದು ಎಂದು ಮೊದಲು ಕೂತು ಯೋಚಿಸಬೇಕು, ಆಮೇಲೆ ಸಂಗ್ರಹಿಸಲು ಹೊರಡಬೇಕು.

ಮೊದಲ ಹೆಜ್ಜೆ ಓದುವ ಕೆಲಸವನ್ನು ಈಗ ಯಂತ್ರ ಮಾಡುತ್ತದೆ. ಆದರೂ ಕೆಲವು ನೂರನ್ನು ನೀನೇ ಕಣ್ಣಿಟ್ಟು ಓದು. ಗೆರೆ ನೆಟ್ಟಗೆ ಮೇಲೆದ್ದಿತೋ, ಅಥವಾ ಮೊದಲು ಕೂದಲೆಳೆಯಷ್ಟು ಕೆಳಗಿಳಿದು ಆಮೇಲೆ ಎದ್ದಿತೋ? ಆ ಕೂದಲೆಳೆ ಇಳಿತವೇ ನಿಜವಾದ ಮೊದಲ ಹೆಜ್ಜೆಯಾಗಿದ್ದರೆ ತಳ್ಳಿದ ಭಾಗ ಕಪ್ಪು, ಎಳೆದ ಭಾಗ ಬಿಳಿ ಎಂದು ಬಿಡಿಸುವ ನಿನ್ನ ಬೀಚ್‌ಬಾಲ್ ಚಿತ್ರದಲ್ಲಿ ಆ ಕೇಂದ್ರದ ಕಪ್ಪು ಬಿಳಿ ಅದಲುಬದಲಾಗುತ್ತದೆ. ಕೇಂದ್ರದ ತಂತಿಗಳನ್ನು ಯಾರೋ ತಿರುಗುಮುರುಗು ಜೋಡಿಸಿ, ವರ್ಷಗಟ್ಟಲೆ ಅಲ್ಲಿ ಮೇಲಿನದು ಕೆಳಗೆ ದಾಖಲಾದ ಉದಾಹರಣೆಗಳೂ ಇವೆ. ಅದನ್ನು ಪತ್ತೆ ಮಾಡಲು ಒಂದು ಹಳೆಯ ಉಪಾಯವಿದೆ. ದೂರದ ದೊಡ್ಡ ಭೂಕಂಪ ಬಂದಾಗ ಸುತ್ತಲಿನ ಕೇಂದ್ರಗಳೆಲ್ಲ ಒಂದೇ ಹೆಜ್ಜೆ ತೋರಿಸಬೇಕು. ಒಂದು ಮಾತ್ರ ಉಲ್ಟಾ ಇದ್ದರೆ ತಂತಿ ನೋಡು.

ಇನ್ನು ಗಾತ್ರದ ಮಾತು. 1964ರ ಜೂನ್ 16ರ ನೀಗಾತಾ ಭೂಕಂಪದ ದೀರ್ಘಾವಧಿಯ ಮೇಲ್ಮೈ ಅಲೆಗಳಿಂದ ಕೇಯಿತಿ ಆಕಿ 1966ರಲ್ಲಿ ಒಂದು ಹೊಸ ಅಳತೆ ತೆಗೆದ, ಸೀಸ್ಮಿಕ್ ಮೊಮೆಂಟ್. ಶಿಲೆಯ ಬಿಗಿತ, ಜಾರಿದ ಜಾಗದ ವಿಸ್ತೀರ್ಣ, ಸರಾಸರಿ ಜಾರಿಕೆ, ಮೂರನ್ನು ಗುಣಿಸಿದರೆ ಬರುವುದು ಅದು. ಲೆಕ್ಕ ಮಾಡಿ ನೋಡು: 40 ಕಿ.ಮೀ. ಉದ್ದ, 20 ಕಿ.ಮೀ. ಅಗಲದ ಜಾಗ ಸರಾಸರಿ ಒಂದೂವರೆ ಮೀಟರ್ ಜಾರಿದರೆ ಹೆಚ್ಚುಕಡಿಮೆ 7ರ ಪ್ರಮಾಣದ ಭೂಕಂಪ. ಹತ್ತು ಕಿಲೋಮೀಟರ್ ಚೌಕದ ಜಾಗ ಒಂದು ಮೊಳದಷ್ಟು ಜಾರಿದರೆ 6. ಈ ಲೆಕ್ಕ ಬಾಯಲ್ಲೇ ಇರಲಿ. ಯಾರಾದರೂ 7ರ ಭೂಕಂಪಕ್ಕೆ ಹತ್ತು ಮೀಟರ್ ಜಾರಿಕೆ ತೋರಿಸಿದರೆ, ಜಾರಿದ ಜಾಗ ಎಷ್ಟು ಚಿಕ್ಕದಾಗಿರಬೇಕು ಎಂದು ನಿನಗೆ ಕೂಡಲೇ ಹೊಳೆಯಬೇಕು. ಕಾನಮೊರಿ 1977ರಲ್ಲಿ ಈ ಮೊಮೆಂಟನ್ನೇ ಪ್ರಮಾಣವನ್ನಾಗಿ ಪರಿವರ್ತಿಸಿದ. ಹಳೆಯ ಮಾಪಕಗಳಿಗೆ ಒಂದು ಮಿತಿ ಇತ್ತು. ಅವು 20 ಸೆಕೆಂಡಿನ ಅಲೆಯನ್ನೋ ಅದಕ್ಕಿಂತ ಚಿಕ್ಕದನ್ನೋ ಅಳೆಯುತ್ತಿದ್ದವು. ಮೂಲವೇ ನಿಮಿಷಗಟ್ಟಲೆ ಒಡೆಯುತ್ತಿದ್ದರೆ ಅಷ್ಟು ಚಿಕ್ಕ ಅಲೆಗೆ ಅದರ ಪೂರ್ಣ ಗಾತ್ರ ಕಾಣುವುದೇ ಇಲ್ಲ.

2004ರ ಡಿಸೆಂಬರ್ 26ರ ಬೆಳಿಗ್ಗೆ ಈ ಮಿತಿ ಎಷ್ಟು ಭೀಕರವಾಗಿ ಗೊತ್ತಾಯಿತು! ಸುಮಾತ್ರದ ಕರಾವಳಿಯಿಂದ ಉತ್ತರಕ್ಕೆ ಅಂಡಮಾನಿನ ತನಕ ಸುಮಾರು 1,300 ಕಿ.ಮೀ. ಉದ್ದಕ್ಕೆ ಸ್ತರಭಂಗ ಒಡೆಯುತ್ತ ಹೋಯಿತು, ಅದಕ್ಕೆ ಎಂಟು ಹತ್ತು ನಿಮಿಷ ಹಿಡಿಯಿತು. ಪೆಸಿಫಿಕ್ ಸುನಾಮಿ ಎಚ್ಚರಿಕೆ ಕೇಂದ್ರದ ಮೊದಲ ಅಂದಾಜು 8.0. ಹಲವು ಗಂಟೆಗಳ ಮೇಲೆ ದೀರ್ಘಾವಧಿಯ ಅಲೆಗಳನ್ನು ಸೇರಿಸಿ ನೋಡಿದಾಗ 9ರ ಮೇಲೆ. ಶಕ್ತಿಯ ಲೆಕ್ಕದಲ್ಲಿ ಆ ಎರಡರ ನಡುವೆ ಮೂವತ್ತು ನಲವತ್ತು ಪಟ್ಟು ಅಂತರ. ಅಷ್ಟು ಹೊತ್ತಿಗೆ ನೀರು ಶ್ರೀಲಂಕಾ, ತಮಿಳುನಾಡುಗಳ ತೀರ ಮುಟ್ಟಿ ಆಗಿತ್ತು. ಮೂಲ ಎಷ್ಟು ದೊಡ್ಡದು ಎಂಬ ಪ್ರಶ್ನೆ ಜೀವಗಳ ಪ್ರಶ್ನೆ. ದೊಡ್ಡ ಭೂಕಂಪದ ಗಾತ್ರವನ್ನು ಮೊದಲ ಕೆಲವೇ ನಿಮಿಷಗಳಲ್ಲಿ ಹೇಳುವ ಕೆಲಸಕ್ಕೆ ನಿನ್ನ ಪೀಳಿಗೆಯವರು ಕೈ ಹಾಕಿದರೆ ಅದಕ್ಕಿಂತ ಒಳ್ಳೆಯ ಕೆಲಸ ನನಗೆ ಕಾಣದು.

ಎಲ್ಲ ಮೂಲವೂ ಜಾರಿಕೆಯಲ್ಲ ಎಂಬುದನ್ನು ಕಲಿಯಲು ನಮ್ಮ ರಾಜ್ಯದಲ್ಲೇ ಎರಡು ಜಾಗಗಳಿವೆ. ಒಂದು ಗೌರಿಬಿದನೂರು. 1965ರ ಸುಮಾರಿಗೆ ಇಂದಿನ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ ಅಲ್ಲಿ ಬ್ರಿಟನ್ನಿನ ಸಹಯೋಗದಲ್ಲಿ ಎಲ್ ಅಕ್ಷರದ ಆಕಾರದಲ್ಲಿ ಇಪ್ಪತ್ತು ಸೀಸ್ಮೋಮೀಟರುಗಳ ಸಾಲು ಹೂಡಿತು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವರಮುಂಗಾ ಇದರ ಒಡಹುಟ್ಟುಗಳು. ಎಲ್ಲೋ ದೂರದಲ್ಲಿ ನೆಲದಡಿ ಅಣುಸ್ಫೋಟ ನಡೆದರೆ ಅದನ್ನು ಗುರುತಿಸುವುದೇ ಉದ್ದೇಶ. ಇಪ್ಪತ್ತು ದಾಖಲೆಗಳನ್ನು ಅಲೆ ಬರುವ ದಿಕ್ಕಿಗೆ ತಕ್ಕಂತೆ ಹಿಂದೆ ಮುಂದೆ ಸರಿಸಿ ಕೂಡಿಸುತ್ತಾರೆ. ಸುತ್ತಿಗೆ ಹೊಡೆತ ಕೂಡಿಸಿದ ಅದೇ ವರ್ಗಮೂಲದ ಲೆಕ್ಕ ಇಲ್ಲೂ ಕೆಲಸ ಮಾಡುತ್ತದೆ, ಗದ್ದಲದೆದುರು ಸಂಕೇತ ನಾಲ್ಕೂವರೆ ಪಟ್ಟಿನಷ್ಟು ಮೇಲೇಳುತ್ತದೆ. ಸ್ಫೋಟ ಸುತ್ತಲೂ ಹೊರಕ್ಕೇ ತಳ್ಳುವುದರಿಂದ ಮೊದಲ ಹೆಜ್ಜೆ ಎಲ್ಲ ದಿಕ್ಕಿನಲ್ಲೂ ತಳ್ಳುವಿಕೆಯೇ ಆಗಿರಬೇಕು. ಅದರ ಪಿ ಅಲೆ ಬಲವಾಗಿದ್ದರೂ 20 ಸೆಕೆಂಡಿನ ಮೇಲ್ಮೈ ಅಲೆ ಸೊರಗಿರುತ್ತದೆ. ಅಷ್ಟೇ ಗಾತ್ರದ ಭೂಕಂಪದಲ್ಲಿ ಹಾಗಿರುವುದಿಲ್ಲ. 2017ರ ಸೆಪ್ಟೆಂಬರ್ 3ರಂದು ಉತ್ತರ ಕೊರಿಯಾ ನಡೆಸಿದ ಸ್ಫೋಟದ ದಾಖಲೆಗಳನ್ನು ತೆಗೆದು ನೋಡು. ಸುಮಾರು ಎಂಟೂವರೆ ನಿಮಿಷದ ಮೇಲೆ ಇನ್ನೊಂದು ಸಣ್ಣ ಘಟನೆ ಇದೆ, ಅದರ ಮೊಮೆಂಟ್ ಟೆನ್ಸರ್, ಅಂದರೆ ಮೂಲದ ಬಲಜೋಡಿಗಳ ಪಟ್ಟಿ, ಒಳಕ್ಕೆ ಕುಸಿದದ್ದನ್ನು ಹೇಳುತ್ತದೆ. ಒಂದೇ ಜಾಗ, ಹೆಚ್ಚುಕಡಿಮೆ ಒಂದೇ ದಾರಿ, ಎರಡು ವಿರುದ್ಧ ಬಗೆಯ ಮೂಲ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಜೋಡಿ ಅಪರೂಪ.

ಇನ್ನೊಂದು ಜಾಗ ಕೋಲಾರದ ಚಿನ್ನದ ಗಣಿ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅದಿರು ತೆಗೆದ ಖಾಲಿಯ ಸುತ್ತ ಒತ್ತಡ ಕಟ್ಟಿಕೊಂಡು ಬಂಡೆ ಸಿಡಿಯುತ್ತಿತ್ತು, ಆ ರಾಕ್‌ಬರ್ಸ್ಟುಗಳಲ್ಲಿ ಗಣಿ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಮೂಲದ ಬಗ್ಗೆ ತಿಳಿಯುವ ಆಸೆ ಅಲ್ಲಿ ಕೆಳಗಿಳಿದು ಮೇಲೆ ಬರಬೇಕಾದವರ ಅಗತ್ಯದಿಂದ ಹುಟ್ಟಿದ್ದು. ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲೇ ಶುರುವಾದದ್ದು ಸುಮ್ಮನೆ ಅಲ್ಲ.

ಕಂಪ್ಯೂಟರಿನಲ್ಲಿ ಮೂಲವನ್ನು ಕಟ್ಟುವ ಬಗ್ಗೆ ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. ನೀವೆಲ್ಲ ಮೊದಲು ಹಾಕುವುದು ರಿಕರ್ ವೇವ್ಲೆಟ್ ಎಂಬ ಚಿಕ್ಕ ಅಲೆರೂಪ. ಅದು ಬರೆಯಲು ಸುಲಭ, ನೋಡಲು ಅಂದ. ಆದರೆ ಡೈನಮೈಟು ಹಾಗೆ ಸಿಡಿಯುವುದಿಲ್ಲ, ಸ್ತರಭಂಗವೂ ಹಾಗೆ ಜಾರುವುದಿಲ್ಲ. ಕೋಡ್ ಪರೀಕ್ಷಿಸಲು ಬಳಸು, ಪ್ರಕೃತಿಯ ಮಾತನ್ನು ಅದರಿಂದ ಹೇಳಿಸಬೇಡ. ಕೇಂದ್ರ ಆವರ್ತನ 25 ಹರ್ಟ್ಸ್ ಎಂದರೆ ಅದರಲ್ಲಿ 60 ಹರ್ಟ್ಸಿನ ತನಕ ಶಕ್ತಿ ಇರುತ್ತದೆ. ಸೆಕೆಂಡಿಗೆ 200 ಮೀಟರ್ ವೇಗದ ಮೆತ್ತನೆ ಮಣ್ಣಿನಲ್ಲಿ ಆ ಅಲೆಯ ಉದ್ದ ಮೂರು ಮೀಟರ್ ಚಿಲ್ಲರೆ. ನೆಲವನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುವ ಸರಳ ಫೈನೈಟ್ ಡಿಫರೆನ್ಸ್ ವಿಧಾನಕ್ಕೆ ಒಂದು ಅಲೆಗೆ ಹತ್ತು ಚೌಕ ಬೇಕು, ಅಂದರೆ ಒಂದಡಿಯ ಚೌಕ. ಅದಕ್ಕಿಂತ ದೊಡ್ಡದಿಟ್ಟರೆ ಅಲೆಯ ಹಿಂದೆ ಬಾಲದಂತೆ ಬರುವ ಏರಿಳಿತ ನೆಲದ್ದಲ್ಲ, ನಿನ್ನ ಲೆಕ್ಕದ್ದು. 1904ರಲ್ಲಿ ಹೊರೇಸ್ ಲ್ಯಾಂಬ್ ಅರ್ಧಾವಕಾಶದ (ಹಾಫ್ ಸ್ಪೇಸ್) ಮೇಲ್ಮೈಗೆ ಪೆಟ್ಟು ಕೊಟ್ಟರೆ ಏನಾಗುತ್ತದೆಂದು ಗಣಿತದಿಂದ ಬಿಡಿಸಿಟ್ಟಿದ್ದಾನೆ. ನಿನ್ನ ಕೋಡ್ ಮೊದಲು ಆ ಉತ್ತರ ಕೊಡಲಿ. ಆಮೇಲೆ ಮೂಲವನ್ನೂ ಗ್ರಾಹಕವನ್ನೂ ಜಾಗ ಬದಲಿಸಿ ಓಡಿಸು. ಗೆರೆ ಹಾಗೇ ಬರಬೇಕು. ಬರದಿದ್ದರೆ ಒಂದು ಹೆಜ್ಜೆಯನ್ನೂ ಮುಂದಿಡಬೇಡ.

ದಾರಿಯ ಪಾಲು ಮೂಲದ ಮೇಲೆ ಬೀಳುವುದು ಎಷ್ಟು ಸುಲಭ ಎಂಬುದಕ್ಕೆ ಬ್ರೂನ್ 1970ರಲ್ಲಿ ಕೊಟ್ಟ ಮಾದರಿ ಒಳ್ಳೆಯ ನಿದರ್ಶನ. ಅಲೆಯ ಸ್ಪೆಕ್ಟ್ರಮ್ ಎಲ್ಲಿ ಬಾಗುತ್ತದೋ ಆ ಕಾರ್ನರ್ ಫ್ರೀಕ್ವೆನ್ಸಿಯಿಂದ ಮೂಲದ ಅಳತೆ, ಅದರಿಂದ ಶಿಲೆಯಲ್ಲಿ ಇಳಿದ ಒತ್ತಡ ತೆಗೆಯುತ್ತೇವೆ. ಒತ್ತಡ ಆ ಆವರ್ತನದ ಘನಕ್ಕೆ ತಕ್ಕಂತೆ ಏರುತ್ತದೆ. ಆವರ್ತನವನ್ನು ಶೇಕಡಾ 20ರಷ್ಟು ಹೆಚ್ಚಾಗಿ ಓದಿದರೆ ಒತ್ತಡ ಶೇಕಡಾ 70ಕ್ಕೂ ಹೆಚ್ಚು ತಪ್ಪುತ್ತದೆ. ಶಿಲೆ ಅಧಿಕ ಆವರ್ತನ ಹೀರಿದ್ದನ್ನು ಸರಿಯಾಗಿ ಕಳೆಯದಿದ್ದರೆ ಆ ಬಾಗು ಇರಬೇಕಾದಲ್ಲಿ ಇರುವುದೇ ಇಲ್ಲ. ಇಷ್ಟು ಸಾಲದೆಂಬಂತೆ, ಅದೇ ಆವರ್ತನಕ್ಕೆ ಬ್ರೂನ್‌ನ ಸ್ಥಿರಾಂಕ ಹಾಕುತ್ತೀಯೋ 1976ರ ಮದರಿಯಾಗನ ಸ್ಥಿರಾಂಕ ಹಾಕುತ್ತೀಯೋ ಎಂಬುದರಿಂದಲೇ ಉತ್ತರ ಐದು ಪಟ್ಟು ಬದಲಾಗುತ್ತದೆ. ಎರಡು ಪ್ರಬಂಧಗಳ ಅಂಕಿ ಹೋಲಿಸಿ, ಇಲ್ಲಿನ ಬಂಡೆ ಗಟ್ಟಿ ಅಲ್ಲಿನದು ಮೆತ್ತಗೆ ಎನ್ನುವ ಮುಂಚೆ ಇದನ್ನು ನೋಡು. ದಾರಿಯನ್ನು ಕಳೆಯಲು ನನಗೆ ಹೆಚ್ಚು ನಂಬಿಕೆ ಇರುವ ಉಪಾಯ ಹಾರ್ಟ್‌ಝೆಲ್ 1978ರಲ್ಲಿ ತೋರಿಸಿದ್ದು. ದೊಡ್ಡ ಭೂಕಂಪದ ಪಕ್ಕದಲ್ಲೇ ಆದ ಸಣ್ಣ ಮರುಕಂಪನವನ್ನು ಅದೇ ಕೇಂದ್ರದಲ್ಲಿ ತೆಗೆದುಕೋ. ಅದರ ದಾರಿ ಅದೇ, ಉಪಕರಣ ಅದೇ, ಮೂಲ ಮಾತ್ರ ತೀರ ಸರಳ. ದೊಡ್ಡದನ್ನು ಅದರಿಂದ ಭಾಗಿಸಿದರೆ ಉಳಿಯುವುದು ದೊಡ್ಡದರ ಮೂಲ.

ಮೂಲವನ್ನು ಕೆರಳಿಸಿದ್ದು ಏನು ಎಂಬ ಪ್ರಶ್ನೆಗೆ ನಮ್ಮ ರಾಜ್ಯದ ಗಡಿಯಾಚೆ ಮಹಾರಾಷ್ಟ್ರದ ಕೊಯ್ನಾ ಇದೆ. 1962ರಲ್ಲಿ ಜಲಾಶಯ ತುಂಬಲು ಆರಂಭವಾಯಿತು, 1967ರ ಡಿಸೆಂಬರ್ 11ರಂದು 6.3ರ ಭೂಕಂಪ, ಸುಮಾರು 180 ಜನ ಸತ್ತರು. ಅಣೆಕಟ್ಟೇ ಭೂಕಂಪ ಮಾಡಿತು ಎಂದು ಯಾರಾದರೂ ಹೇಳಿದರೆ ತಿದ್ದು, ಆದರೆ ಸಿಟ್ಟಿಲ್ಲದೆ ತಿದ್ದು. ಶಿಲೆಯಲ್ಲಿ ಒತ್ತಡ ಮೊದಲೇ ಕೂಡಿತ್ತು. ನೀರಿನ ಭಾರ, ಬಿರುಕುಗಳೊಳಗೆ ಇಳಿದ ನೀರಿನ ಒತ್ತಡ, ಸ್ತರಭಂಗದ ಹಿಡಿತವನ್ನು ಸಡಿಲಿಸಿದವು. ಇಂದಿಗೂ ಅಲ್ಲಿ ಒಂದು ಚಿಕ್ಕ ಪ್ರದೇಶದೊಳಗೆ ಸಣ್ಣ ಕಂಪನಗಳು ನಿಂತಿಲ್ಲ, ಇಷ್ಟು ಕಾಲ ಇಷ್ಟು ಒತ್ತಾಗಿ ನಡೆಯುವ ಜಾಗ ಜಗತ್ತಿನಲ್ಲೇ ಕಡಿಮೆ. 2017ರಲ್ಲಿ ಬಸಾಲ್ಟ್ ಪದರ ದಾಟಿ ಮೂರು ಕಿಲೋಮೀಟರ್ ಆಳದ ಪ್ರಾಯೋಗಿಕ ರಂಧ್ರ ಕೊರೆದು ಮುಗಿಸಿದ್ದಾರೆ. ನೆಲದ ಮೇಲಿಂದ ಊಹಿಸುತ್ತಿದ್ದವರು ಮೂಲದ ಸಮೀಪಕ್ಕೆ ಹೋಗುವ ಪ್ರಯತ್ನ ನಮ್ಮ ದೇಶದಲ್ಲೇ ನಡೆದಿದೆ ಎಂಬುದು ನನಗೆ ಬಹಳ ಸಂತೋಷದ ವಿಷಯ. ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ ಭೂಶಾಖದ ಬಾವಿಗೆ ನೀರು ನುಗ್ಗಿಸಿದ್ದು 2017ರ ನವೆಂಬರ್ 15ರ 5.5ರ ಭೂಕಂಪಕ್ಕೆ ಪ್ರಚೋದನೆ ಎಂದು ಸರಕಾರ ನೇಮಿಸಿದ ಸಮಿತಿ 2019ರಲ್ಲಿ ಹೇಳಿತು. ಅಂಥ ಸಮಿತಿಯಲ್ಲಿ ನೀನು ಮುಂದೊಂದು ದಿನ ಕೂರಬೇಕಾಗಬಹುದು. ಆಗ ನಿನ್ನ ಮೂಲದ ಸ್ಥಾನದಲ್ಲಿ ಎರಡು ಕಿಲೋಮೀಟರ್ ಅನುಮಾನವಿದ್ದರೆ ಅದನ್ನು ಮೊದಲ ಪುಟದಲ್ಲೇ ಬರೆ.

ಕಿಲ್ಲಾರಿಯನ್ನೂ ಮರೆಯಬೇಡ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಲಾತೂರು ಸೀಮೆಯಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ಮಲಗಿದ್ದಲ್ಲೇ ಹೋದರು. ಬೀದರ್, ಕಲಬುರಗಿಯ ಜನ ಮನೆ ಬಿಟ್ಟು ಹೊರಗೆ ಓಡಿದರು. ಪ್ರಮಾಣ 6.2, ಅಷ್ಟೇನೂ ದೊಡ್ಡದಲ್ಲ. ಆದರೆ ಮೂಲ ಕೆಲವೇ ಕಿಲೋಮೀಟರ್ ಆಳದಲ್ಲಿತ್ತು, ಮೇಲೆ ಮಣ್ಣು ಮೆತ್ತಿದ ಕಲ್ಲಿನ ದಪ್ಪ ಗೋಡೆಗಳು. ಗಟ್ಟಿ ನೆಲ, ಇಲ್ಲಿ ಏನೂ ಆಗದು ಎಂದುಕೊಂಡಿದ್ದ ದಖ್ಖನ್ನಿನ ನಡುವೆ ಇದಾಯಿತು. ಊರಿನವರು ನಿನ್ನನ್ನು ಕೇಳುವ ಮೊದಲ ಪ್ರಶ್ನೆ, ಮುಂದಿನದು ಯಾವಾಗ ಎಂಬುದೇ. ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡಿನಲ್ಲಿ 1993ರೊಳಗೆ ಆಗುತ್ತದೆಂದು ಹೇಳಿ ಉಪಕರಣ ಹೂಡಿ ಕಾದರು, ಅದು ಬಂದದ್ದು 2004ರ ಸೆಪ್ಟೆಂಬರಿನಲ್ಲಿ. ಅಷ್ಟು ನಿಗಾ ಇಟ್ಟ ಜಾಗದಲ್ಲೇ ಹಾಗೆ. ಆದ್ದರಿಂದ ದಿನ ಹೇಳಬೇಡ, ಹೇಳುವವರನ್ನು ನಂಬಬೇಡ ಎಂದೂ ಹೇಳು. ಗೋಡೆಗೆ ಅಡ್ಡಪಟ್ಟಿ ಹಾಕಿಸಿ, ಚಾವಣಿಯ ಮಣ್ಣಿನ ಭಾರ ಇಳಿಸಿ ಎಂದು ಹೇಳು. ಅದು ಹೇಳಲು ನಿನಗೆ ಮೊಮೆಂಟ್ ಟೆನ್ಸರ್ ಬೇಕಿಲ್ಲ, ಆದರೆ ಅದನ್ನು ಓದಿದವಳು ಹೇಳಿದರೆ ಜನ ಕೇಳುತ್ತಾರೆ.

ಮೊದಲ ಕೆಲಸಕ್ಕೆ ದೊಡ್ಡ ಭೂಕಂಪ ಆರಿಸಿಕೊಳ್ಳಬೇಡ. ಕೊಯ್ನಾದ 3ರ ಆಸುಪಾಸಿನ ಒಂದು ಘಟನೆ ತೆಗೆದುಕೋ, ಕೇಂದ್ರಗಳು ಸುತ್ತಲೂ ಇರುವಂಥದ್ದು. ದಾಖಲೆಯಿಂದ ಮೂಲವನ್ನು ಲೆಕ್ಕ ಹಾಕುವ ಇನ್ವರ್ಶನ್ ಓಡಿಸುವ ಮುನ್ನ, ನಿನ್ನ ಊಹೆಯಲ್ಲಿ ಆಳ ಎಷ್ಟು, ಸ್ತರಭಂಗ ಯಾವ ದಿಕ್ಕಿಗೆ, ಯಾವ ಕೇಂದ್ರದಲ್ಲಿ ಮೊದಲ ಹೆಜ್ಜೆ ಮೇಲೆ, ಯಾವುದರಲ್ಲಿ ಕೆಳಗೆ ಎಂದು ಒಂದು ಹಾಳೆಯಲ್ಲಿ ಕೈಯಿಂದ ಬರೆದು ತಾರೀಕು ಹಾಕಿಡು. ಆಮೇಲೆ ಒಂದೊಂದೇ ಕೇಂದ್ರವನ್ನು ಬಿಟ್ಟು ಮತ್ತೆ ಮತ್ತೆ ಓಡಿಸು. ಯಾವ ಕೇಂದ್ರ ಬಿಟ್ಟರೆ ಉತ್ತರ ತಲೆಕೆಳಗಾಗುತ್ತದೋ ಅದರ ಹೆಸರನ್ನು ಅದೇ ಹಾಳೆಯಲ್ಲಿ ಬರೆದುಕೊಂಡು, ಮಳೆಗಾಲ ಮುಗಿದ ಮೇಲೆ ಅಲ್ಲಿಗೆ ಹೋಗಿ ಸೀಸ್ಮೋಮೀಟರ್ ಯಾವ ಕಲ್ಲಿನ ಮೇಲೆ ಕೂತಿದೆ, ಉತ್ತರದ ಬಾಣ ನಿಜವಾಗಿಯೂ ಉತ್ತರಕ್ಕಿದೆಯೇ ಎಂದು ದಿಕ್ಸೂಚಿ ಹಿಡಿದು ನೋಡಿಕೊಂಡು ಬಾ. ಹಾಳೆಯನ್ನು ನನಗೆ ಕಳಿಸು. ನಾವಿಬ್ಬರೂ ಕೂತು ನೋಡೋಣ.